ಜಿಯೋಕ್ಯಾಷಿಂಗ್: ಬಯಲ ವಿನೋದವೊಂದರ ಚರಿತ್ರೆ ಮತ್ತು ಮರ್ಯಾದೆ

ಹುದುಗಿಸಿಟ್ಟುದನ್ನು ಹುಡುಕಿ ತೆಗೆಯುವ ಆಟ ಮನುಷ್ಯನಿಗೆ ಹೊಸದೇನೂ ಅಲ್ಲ. ಆದರೆ ಅಪರಿಚಿತನೊಬ್ಬನು ತಾನೆಂದೂ ಕಾಣದ ಮತ್ತೊಬ್ಬ ಅಪರಿಚಿತನಿಗಾಗಿ ಊರ ಹೊರಗಿನ ಬಯಲಿನಲ್ಲಿಯೋ ಕಾಡಿನ ಅಂಚಿನಲ್ಲಿಯೋ ಒಂದು ಡಬ್ಬಿಯನ್ನು ಅಡಗಿಸಿಟ್ಟು, ಅದಿರುವ ತಾಣದ ಅಕ್ಷಾಂಶ ರೇಖಾಂಶಗಳನ್ನು ಲೋಕಕ್ಕೆಲ್ಲ ಪ್ರಕಟಪಡಿಸಿ, ಅದರ ಕ್ಷೇಮವನ್ನು ಬರುವವರ ಸೌಜನ್ಯಕ್ಕೇ ಒಪ್ಪಿಸಿಬಿಡುವ ಪದ್ಧತಿ ಈಚಿನದು. ಇದಕ್ಕೆ ಜಿಯೋಕ್ಯಾಷಿಂಗ್ ಎಂದು ಹೆಸರು. ಭೂಮಿ ಎಂಬ ಅರ್ಥದ ಗ್ರೀಕ್ ಮೂಲದ ಪದವೂ ಬಚ್ಚಿಡುವುದು ಎಂಬ ಅರ್ಥದ ಫ್ರೆಂಚ್ ಮೂಲದ ಪದವೂ ಕೂಡಿ ಈ ಹೆಸರಾಗಿದೆ. ಇಂತಹ ಮೂವತ್ತು ಲಕ್ಷಕ್ಕೂ ಹೆಚ್ಚು ಡಬ್ಬಿಗಳು ಇಂದು ಭೂಮಂಡಲದ ಮೇಲೆ ಚದರಿಕೊಂಡಿವೆ, ಕರ್ನಾಟಕದಲ್ಲಿಯೂ ಕೆಲವಿವೆ.

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಒಂದು ಆಟದ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಇದಕ್ಕೆ ಎರಡು ಕಾರಣಗಳಿವೆ. ರೂಢಿಯೊಂದು ಹುಟ್ಟಿ, ಬೆಳೆದು, ಮಿತಿಮೀರಿ, ದೂರುಗಳಿಗೆ ಗುರಿಯಾಗಿ, ಕೊನೆಗೆ ಲಿಖಿತ ನಿಯಮವಾಗಿ ಪರಿಣಮಿಸುವ ಕ್ರಮವನ್ನು ಇತಿಹಾಸಕಾರನು ಸಾಮಾನ್ಯವಾಗಿ ಅನೇಕ ಶತಮಾನಗಳ ಚದರಿದ ಸಾಕ್ಷ್ಯಗಳಿಂದ ಊಹಿಸಿಕೊಳ್ಳಬೇಕಾಗುತ್ತದೆ. ಈ ವಿನೋದದ ವಿಷಯದಲ್ಲಿ ಆ ಕ್ರಮವೆಲ್ಲವೂ ಎರಡು ಶತಮಾನಗಳೊಳಗೇ ನಡೆದು ನಮ್ಮ ಕಣ್ಣ ಮುಂದಿದೆ. ಇದು ಮೊದಲನೆಯ ಕಾರಣ. ಶಾಸನಗಳನ್ನೂ ವೀರಗಲ್ಲುಗಳನ್ನೂ ಅರಸಿ ಹಳ್ಳಿಗಳಿಗೆ ಹೋಗುವ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡುವ ಕೆಲಸ ಈ ಆಟಗಾರರ ಕೆಲಸಕ್ಕೆ ಬಹಳ ದೂರವಲ್ಲ ಎಂಬುದು ಎರಡನೆಯ ಕಾರಣ. ಇಬ್ಬರೂ ಒಂದು ತಾಣದ ವಿವರವನ್ನು ಕೈಯಲ್ಲಿ ಹಿಡಿದು ಪರರ ನೆಲವನ್ನು ಪ್ರವೇಶಿಸುತ್ತಾರೆ. ವಸ್ತುವನ್ನು ಕಂಡು, ಗುರುತು ಹಾಕಿಕೊಂಡು ಹಿಂದಿರುಗುತ್ತಾರೆ. ಅವರು ಕಷ್ಟಪಟ್ಟು ಕಲಿತ ಮರ್ಯಾದೆಗಳಲ್ಲಿ ನಮಗೆ ಉಪಯೋಗಕ್ಕೆ ಬರುವಂಥವು ಯಾವುವು ಎಂಬುದನ್ನು ಇಲ್ಲಿ ವಿಚಾರ ಮಾಡಬಹುದು.

1. ಡಾರ್ಟ್‌ಮೂರಿನ ಸೀಸೆ

ಈ ವಿನೋದದ ಮೂಲವನ್ನು ಹುಡುಕುತ್ತ ಹೋದರೆ ನಾವು ಇಂಗ್ಲೆಂಡಿನ ನೈರುತ್ಯ ಭಾಗದ ಡೆವನ್ ಪ್ರಾಂತಕ್ಕೆ ಬರಬೇಕಾಗುತ್ತದೆ. ಅಲ್ಲಿ ಡಾರ್ಟ್‌ಮೂರ್ ಎಂಬ ವಿಶಾಲವಾದ ಎತ್ತರದ ಬಯಲಿದೆ. ಮರಗಳು ವಿರಳ, ಅಲ್ಲಲ್ಲಿ 'ಟಾರ್' ಎಂದು ಕರೆಯಲ್ಪಡುವ ಗ್ರಾನೈಟ್ ಬಂಡೆಗಳ ಒಟ್ಟಿಲುಗಳು, ಅವುಗಳ ನಡುವೆ ಕೊಳೆತ ಸಸ್ಯರಾಶಿಯಿಂದಾದ ಜೌಗುನೆಲ. 1951ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಇದರ ವಿಸ್ತೀರ್ಣ ಸುಮಾರು 954 ಚದರ ಕಿಲೋಮೀಟರ್.

ಈ ಬಯಲಿನ ಉತ್ತರ ಭಾಗದಲ್ಲಿ ಕ್ರಾನ್ಮಿಯರ್ ಪೂಲ್ ಎಂಬ ಸ್ಥಳವಿದೆ. ಹೆಸರಿಗೆ ಕೊಳವಾದರೂ ನಿಂತ ನೀರಿನ ಕೊಳ ಅಲ್ಲಿಲ್ಲ; ಇರುವುದು ಜೌಗಿನ ಒಂದು ತಗ್ಗು. 19ನೆಯ ಶತಮಾನದಲ್ಲಿ ಅಲ್ಲಿಗೆ ನಡೆದುಹೋಗಿ ಬರುವುದು ಸಾಹಸದ ಕೆಲಸವೆನಿಸಿತ್ತು. ಚಾಗ್‌ಫರ್ಡ್ ಎಂಬ ಊರಿನ ಜೇಮ್ಸ್ ಪೆರಟ್ ಎಂಬಾತ ಪ್ರವಾಸಿಗರಿಗೆ ದಾರಿ ತೋರಿಸುವ ವೃತ್ತಿಯವನು. 1854ರಲ್ಲಿ ಈತ ಕ್ರಾನ್ಮಿಯರಿನಲ್ಲಿ ಒಂದು ಸೀಸೆಯನ್ನಿಟ್ಟನು. ಅಲ್ಲಿಯವರೆಗೆ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರೊಳಗೆ ಹಾಕಿ ಹೋಗುವ ರೂಢಿ ಬೆಳೆಯಿತು. ಮುಂದೆ ಸೀಸೆ ಹೋಗಿ ತಗಡಿನ ಡಬ್ಬಿ ಬಂದಿತು; 1905ರಲ್ಲಿ ಬಂದವರ ಹೆಸರು ಬರೆಯುವ ಪುಸ್ತಕವನ್ನಿಡಲಾಯಿತು; 1937ರಲ್ಲಿ ಆ ಪ್ರಾಂತದ ಪತ್ರಿಕೆಯೊಂದರ ಪ್ರಯತ್ನದಿಂದ ಕಲ್ಲಿನ ಪೆಟ್ಟಿಗೆ ನಿರ್ಮಾಣವಾಯಿತು. ಅದರ ಮರುವರ್ಷ, ಡಾರ್ಟ್‌ಮೂರಿನ ಬಗ್ಗೆ ಅಧಿಕಾರಯುತವಾದ ಮಾರ್ಗದರ್ಶಿ ಗ್ರಂಥವನ್ನು ಬರೆದ ವಿಲಿಯಂ ಕ್ರಾಸಿಂಗನ ಸ್ಮರಣಾರ್ಥವಾಗಿ ದಕ್ಷಿಣ ಭಾಗದ ಡಕ್ಸ್ ಪೂಲ್ ಎಂಬಲ್ಲಿ ಮತ್ತೊಂದು ಪೆಟ್ಟಿಗೆ ಸ್ಥಾಪಿತವಾಯಿತು.

ಇವಕ್ಕೆ 'ಅಂಚೆಪೆಟ್ಟಿಗೆ' ಎಂಬ ಅರ್ಥದ ಹೆಸರು ಬಂದುದು ಸ್ವಾರಸ್ಯಕರವಾದ ಒಂದು ವಾಡಿಕೆಯಿಂದ. ಬಂದವನು ತನ್ನ ವಿಳಾಸವನ್ನೋ ಸ್ನೇಹಿತನ ವಿಳಾಸವನ್ನೋ ಬರೆದು ಅಂಚೆಚೀಟಿ ಹಚ್ಚಿದ ಕಾಗದವೊಂದನ್ನು ಪೆಟ್ಟಿಗೆಯಲ್ಲಿ ಬಿಟ್ಟುಹೋಗುವನು. ಮುಂದೆ ಬರುವ ಅಪರಿಚಿತನು ಅದನ್ನು ತೆಗೆದುಕೊಂಡು ಹೋಗಿ ತನ್ನ ಊರಿನ ಅಂಚೆಗೆ ಹಾಕುವನು. ಕಾಗದ ನಾಲ್ಕು ದಿನಗಳಿಗೆ ತಲುಪೀತು, ನಾಲ್ಕು ತಿಂಗಳಿಗೂ ತಲುಪೀತು. ತಲುಪಿತೆಂದರೆ ನಿರ್ಜನವಾದ ಜೌಗಿನ ನಡುವೆ ಮತ್ತೊಬ್ಬನು ನಡೆದುಬಂದನೆಂದೂ, ಬಂದವನು ಕೊಟ್ಟ ಮಾತಿಲ್ಲದಿದ್ದರೂ ಮಾತು ನಡೆಸಿದನೆಂದೂ ತಿಳಿಯುತ್ತಿತ್ತು. ಈ ವಿಶ್ವಾಸವೇ ಮುಂದಿನ ಎಲ್ಲ ಬೆಳವಣಿಗೆಯ ತಳಹದಿ. ಕಾಲಕ್ರಮದಲ್ಲಿ ಕಾಗದದ ವಾಡಿಕೆ ಹಿಂದೆ ಸರಿದು, ಪ್ರತಿ ಪೆಟ್ಟಿಗೆಯಲ್ಲಿಯೂ ಅದರದೇ ಆದ ರಬ್ಬರ್ ಮೊಹರನ್ನಿಡುವುದೂ, ಶೋಧಕನು ಅದರ ಗುರುತನ್ನು ತನ್ನ ಪುಸ್ತಕದಲ್ಲಿ ಒತ್ತಿಕೊಂಡು ತನ್ನ ಮೊಹರನ್ನು ಪೆಟ್ಟಿಗೆಯ ಪುಸ್ತಕದಲ್ಲಿ ಒತ್ತುವುದೂ ಪದ್ಧತಿಯಾಯಿತು.

2. ರೂಢಿ ನಿಯಮವಾದ ಬಗೆ

ಸುಮಾರು 120 ವರ್ಷಗಳ ಕಾಲ ಪೆಟ್ಟಿಗೆಗಳ ಸಂಖ್ಯೆ ಅತ್ಯಲ್ಪವಾಗಿಯೇ ಇದ್ದಿತು. 1976ರಲ್ಲಿ ಪ್ರಕಟವಾದ ಒಂದು ನಕ್ಷೆಯಲ್ಲಿ ಗುರುತಿಸಲ್ಪಟ್ಟುವು ಕೇವಲ 15. ಆದರೆ ಆ ನಕ್ಷೆಯೇ ಪರಿಸ್ಥಿತಿಯನ್ನು ಬದಲಾಯಿಸಿತು. ಹಿಂದೆ ಒಬ್ಬರ ಬಾಯಿಂದ ಒಬ್ಬರ ಕಿವಿಗೆ ತಿಳಿಯುತ್ತಿದ್ದ ತಾಣಗಳು ಎಲ್ಲರ ಕೈಗೂ ದೊರೆತವು. ಮುಂದಿನ ವರ್ಷಗಳಲ್ಲಿ ಪೆಟ್ಟಿಗೆಗಳು ಸಾವಿರಗಳ ಸಂಖ್ಯೆಯಲ್ಲಿ ಹುಟ್ಟಿಕೊಂಡವು. ನೂರು ಪೆಟ್ಟಿಗೆಗಳನ್ನು ಕಂಡವರ ಒಂದು ಕೂಟವೂ ಏರ್ಪಟ್ಟಿತು.

ಸಂಖ್ಯೆ ಹೆಚ್ಚಿದಂತೆ ಹಾನಿಯೂ ಹೆಚ್ಚಿತು. ಡಾರ್ಟ್‌ಮೂರ್ ಬರಿಯ ಹುಲ್ಲುಗಾವಲಲ್ಲ. ಕಂಚಿನ ಯುಗದ ಅವಶೇಷಗಳು ಅಲ್ಲಿರುವಷ್ಟು ದಟ್ಟವಾಗಿ ಇಂಗ್ಲೆಂಡಿನ ಬೇರೆ ಕಡೆಗಳಲ್ಲಿ ಅಪರೂಪ. ಮೆರಿವೇಲಿನ ಕಲ್ಲುಸಾಲುಗಳು, ಗ್ರಿಮ್ಸ್‌ಪೌಂಡ್ ಎಂಬ ಪ್ರಾಕಾರದೊಳಗಿನ 24 ದುಂಡುಮನೆಗಳ ತಳಪಾಯಗಳು, ಸಮಾಧಿಗಳ ಮೇಲಿನ ಕಲ್ಲುಗುಪ್ಪೆಗಳು ಬಯಲಿನಲ್ಲಿ ಕಾವಲಿಲ್ಲದೆ ಬಿದ್ದಿವೆ. ಡಬ್ಬಿಯನ್ನು ಅಡಗಿಸಲು ಕಲ್ಲುಗುಪ್ಪೆಗಿಂತ ಅನುಕೂಲವಾದ ಸ್ಥಳ ಮತ್ತಾವುದಿದೆ? ಹುಡುಕುವವನಿಗಾದರೂ ಅದು ಮೂರು ಸಾವಿರ ವರ್ಷಗಳ ಹಿಂದಿನ ಸಮಾಧಿಯೋ, ಕುರುಬನು ನಿನ್ನೆ ಪೇರಿಸಿದ ಕಲ್ಲುರಾಶಿಯೋ ತಿಳಿಯುವುದು ಹೇಗೆ? ಒಬ್ಬನು ಒಂದು ಕಲ್ಲನ್ನು ಸರಿಸಿದರೆ ಅದು ಗಣನೆಗೆ ಬರಲಾರದು. ನೂರು ಜನ ನೂರು ಸಲ ಸರಿಸಿದಾಗ ಅವಶೇಷದ ರೂಪವೇ ಕೆಡುತ್ತದೆ. ಮುಂದೆ ಅಗೆದು ನೋಡುವ ಪುರಾತತ್ತ್ವಜ್ಞನಿಗೆ ಮೂಲ ವಿನ್ಯಾಸ ಯಾವುದೆಂದು ಹೇಳಲು ಆಗದು.

ಹೀಗಾಗಿ ಪೆಟ್ಟಿಗೆ ಇಡುವವರಿಗೆ ಒಂದು ಲಿಖಿತ ನಡಾವಳಿ ಅನಿವಾರ್ಯವಾಯಿತು. ಅದರ ಮುಖ್ಯಾಂಶಗಳು ಸರಳವಾದವು. ಕಲ್ಲುಸಾಲು, ಕಲ್ಲುವೃತ್ತ, ಸಮಾಧಿ, ಹಾಳುಮನೆ ಮೊದಲಾದ ಯಾವ ಪ್ರಾಚೀನ ಅವಶೇಷದಲ್ಲಿಯೂ ಪೆಟ್ಟಿಗೆಯನ್ನು ಇಡಕೂಡದು. ಗೋಡೆಗಳಲ್ಲಿ ಇಡಕೂಡದು. ಸಿಮೆಂಟು ಮುಂತಾದ ಕಟ್ಟಡದ ಸಾಮಗ್ರಿಯಿಂದ ಅದನ್ನು ಸ್ಥಿರಗೊಳಿಸಕೂಡದು. ಹುಡುಕುವವನ ಪ್ರಾಣಕ್ಕೋ ಅಂಗಕ್ಕೋ ಅಪಾಯವಾಗುವ ಸ್ಥಳದಲ್ಲಿ ಇಡಕೂಡದು. ಈ ಒಂದೊಂದು ನಿಷೇಧದ ಹಿಂದೆಯೂ ನಡೆದ ಅಥವಾ ನಡೆಯಬಹುದಾಗಿದ್ದ ಒಂದು ಹಾನಿಯನ್ನು ಓದಿಕೊಳ್ಳಬಹುದು. ಪ್ರಾಚೀನ ಶಾಸನಗಳಲ್ಲಿ ದಂಡದ ಪಟ್ಟಿಯನ್ನು ಕಂಡು ಆ ಕಾಲದ ಅಪರಾಧಗಳನ್ನು ಊಹಿಸುವ ಕ್ರಮ ಇಲ್ಲಿಯೂ ಅನ್ವಯಿಸುತ್ತದೆ.

3. ಉಪಗ್ರಹಗಳ ನೆರವು

ಡಾರ್ಟ್‌ಮೂರಿನ ಶೋಧಕನು ನಕ್ಷೆ ಮತ್ತು ದಿಕ್ಸೂಚಿಗಳನ್ನು ನಂಬಿದ್ದನು. ಈ ವಿನೋದವು ಜಗದ್ವ್ಯಾಪಿಯಾಗಲು ಕಾರಣವಾದುದು ಬೇರೊಂದು ಸಾಧನ. ಅಮೆರಿಕ ಸಂಯುಕ್ತ ಸಂಸ್ಥಾನದ ಸೇನೆ ನಿರ್ಮಿಸಿದ ಜಿ.ಪಿ.ಎಸ್. ಎಂಬ ಸ್ಥಾನನಿರ್ಣಯ ವ್ಯವಸ್ಥೆಯಲ್ಲಿ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುವ ಉಪಗ್ರಹಗಳು ಕಾಲಸೂಚಕ ಸಂಕೇತಗಳನ್ನು ಕಳುಹಿಸುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ, ಕೈಯಲ್ಲಿರುವ ಉಪಕರಣವು ಅವುಗಳಿಂದ ತನಗಿರುವ ದೂರವನ್ನು ಲೆಕ್ಕಹಾಕಿ ತಾನಿರುವ ಸ್ಥಾನವನ್ನು ಹೇಳಬಲ್ಲುದು. ರಕ್ಷಣೆಯ ದೃಷ್ಟಿಯಿಂದ ನಾಗರಿಕರ ಸಂಕೇತದಲ್ಲಿ ಬೇಕೆಂದೇ ದೋಷವನ್ನು ಬೆರೆಸಲಾಗುತ್ತಿದ್ದುದರಿಂದ ನೂರು ಮೀಟರಿನವರೆಗೂ ವ್ಯತ್ಯಾಸ ಬರುತ್ತಿತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ನರ ಆದೇಶದಂತೆ 2000ದ ಮೇ ತಿಂಗಳ ಆರಂಭದಲ್ಲಿ ಈ ದೋಷವನ್ನು ತೆಗೆದುಹಾಕಲಾಯಿತು. ನಾಗರಿಕರ ಉಪಕರಣಗಳೂ ಒಮ್ಮೆಗೇ ಹತ್ತಿಪ್ಪತ್ತು ಮೀಟರುಗಳೊಳಗೆ ಸ್ಥಾನವನ್ನು ತೋರಿಸತೊಡಗಿದವು.

ಇದರ ಹಿಂದೆಯೇ, ಮೇ 3ರಂದು, ಆರಿಗನ್ ಸಂಸ್ಥಾನದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಡೇವ್ ಅಲ್ಮರ್ ಎಂಬಾತ ಪ್ಲಾಸ್ಟಿಕ್ ಬಕೀಟೊಂದನ್ನು ಇಟ್ಟು ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದನು. ಅದರಲ್ಲಿ ಪುಸ್ತಕ, ಹಣ, ಕವಣೆ, ಹುರುಳಿಕಾಯಿ ಬೀಜದ ಒಂದು ಡಬ್ಬ ಮೊದಲಾದವು ಇದ್ದುವು. ಕಂಡವರು ಏನನ್ನಾದರೂ ತೆಗೆದುಕೊಂಡು ಏನನ್ನಾದರೂ ಇಟ್ಟುಹೋಗಬೇಕೆಂಬುದು ಆತನ ಸೂಚನೆ. ಕೆಲವೇ ದಿನಗಳಲ್ಲಿ ಅದನ್ನು ಕಂಡವರಿದ್ದರು. ಆ ತಿಂಗಳು ಮುಗಿಯುವುದರೊಳಗಾಗಿ ಜಿಯೋಕ್ಯಾಷಿಂಗ್ ಎಂಬ ಹೆಸರೂ ಹುಟ್ಟಿತು. 1854ರ ಸೀಸೆ ಡಾರ್ಟ್‌ಮೂರನ್ನು ಬಿಟ್ಟು ಹೊರಬರಲು ಒಂದು ಶತಮಾನಕ್ಕೂ ಮಿಗಿಲಾದ ಕಾಲ ಬೇಕಾಯಿತು. ಆರಿಗನ್ನಿನ ಬಕೀಟು ಖಂಡಗಳನ್ನು ದಾಟಲು ಕೆಲವು ತಿಂಗಳುಗಳೇ ಸಾಕಾದವು.

4. ಶೋಧಕನ ಅನುಭವ

ಉಪಕರಣವಿದ್ದ ಮೇಲೆ ಹುಡುಕುವ ಶ್ರಮವೇನು ಎಂದು ತೋರುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ಉಪಕರಣವು ನೇರವಾದ ರೇಖೆಯನ್ನು ತೋರಿಸುತ್ತದೆ, ನೆಲ ನೇರವಾಗಿರುವುದಿಲ್ಲ. ಮುನ್ನೂರು ಮೀಟರು ದೂರದಲ್ಲಿ ಗುರಿಯಿದೆಯೆಂದು ಅದು ಹೇಳುವಾಗ ನಡುವೆ ಹಳ್ಳವಿರಬಹುದು, ಬೇಲಿಯಿರಬಹುದು, ಗದ್ದೆಯಿರಬಹುದು. ಸುತ್ತು ದಾರಿಯನ್ನು ಹಿಡಿಯಬೇಕೆಂಬ ವಿವೇಕವನ್ನು ಉಪಗ್ರಹ ಹೇಳಿಕೊಡದು. ಪ್ರತಿ ಡಬ್ಬಿಗೂ ಹುಡುಕುವ ಕಷ್ಟ ಮತ್ತು ನೆಲದ ಕಷ್ಟ ಎಂದು ಎರಡು ಮಾನಗಳನ್ನು 1ರಿಂದ 5ರವರೆಗಿನ ಅಂಕಗಳಲ್ಲಿ ಕೊಟ್ಟಿರುವುದು ಇದಕ್ಕಾಗಿಯೇ.

ಕೊನೆಯ ಹತ್ತು ಮೀಟರುಗಳಲ್ಲಿ ಉಪಕರಣದ ಕೆಲಸ ಮುಗಿದು ಕಣ್ಣಿನ ಕೆಲಸ ಆರಂಭವಾಗುತ್ತದೆ. ನಾವು ಕೆಲವು ವಿದ್ಯಾರ್ಥಿಗಳೊಡನೆ ಬೆಂಗಳೂರಿನ ಹೊರವಲಯದಲ್ಲಿ ಇಂತಹ ಡಬ್ಬಿಗಳನ್ನು ಹುಡುಕಿದ್ದುಂಟು. ಮೊದಲ ಸಲ ಎಲ್ಲರೂ ಎಲ್ಲ ಕಲ್ಲುಗಳನ್ನೂ ಎತ್ತಿ ನೋಡಲು ಮುಂದಾದರು. ಸ್ವಲ್ಪ ಹೊತ್ತಿನಲ್ಲಿಯೇ ಅವರಲ್ಲಿ ಒಂದು ಬದಲಾವಣೆ ಕಂಡುಬಂದಿತು. ಎತ್ತುವುದನ್ನು ಬಿಟ್ಟು ನೋಡತೊಡಗಿದರು. ಯಾವ ಕಲ್ಲಿನ ಮೇಲೆ ಪಾಚಿ ಮುರಿದಿದೆ, ಎಲ್ಲಿ ಒಣಗಿದ ಎಲೆಗಳು ಸಹಜವಾಗಿ ಬೀಳುವ ರೀತಿಯಲ್ಲಿ ಬಿದ್ದಿಲ್ಲ, ಯಾವ ಬೇರಿನ ಸಂದು ಅತಿಯಾಗಿ ಅಚ್ಚುಕಟ್ಟಾಗಿದೆ ಎಂಬುದನ್ನು ಗಮನಿಸುವ ದೃಷ್ಟಿ ಅದು. ಕೆರೆಯ ಏರಿಯಲ್ಲಿ ಸೇರಿಹೋದ ಶಾಸನದ ಕಲ್ಲನ್ನು ಗುರುತಿಸಬಲ್ಲ ಕಣ್ಣೂ ಇದೇ ಎಂದು ನಮಗೆ ತೋರಿತು.

ಡಬ್ಬಿ ದೊರೆತ ಮೇಲೆ ಮಾಡಬೇಕಾದುದು ಸ್ವಲ್ಪ. ಒಳಗಿನ ಪುಸ್ತಕದಲ್ಲಿ ಹೆಸರನ್ನೂ ದಿನಾಂಕವನ್ನೂ ಬರೆಯಬೇಕು. ಒಳಗಿನ ಚಿಕ್ಕ ವಸ್ತುಗಳಲ್ಲಿ ಒಂದನ್ನು ತೆಗೆದುಕೊಂಡರೆ ಅದಕ್ಕೆ ಸಮನಾದುದನ್ನೋ ಮಿಗಿಲಾದುದನ್ನೋ ಇಡಬೇಕು. ಮುಚ್ಚಳವನ್ನು ನೀರು ಸೇರದಂತೆ ಬಿಗಿದು, ಇದ್ದ ಸ್ಥಳದಲ್ಲಿ ಇದ್ದಂತೆಯೇ ಇಡಬೇಕು. ಇನ್ನೂ ಒಳ್ಳೆಯ ಸ್ಥಳ ಕಂಡಿತೆಂದು ಅಲ್ಲಿಗೆ ಬದಲಾಯಿಸುವುದು ನಿಷಿದ್ಧ. ಏಕೆಂದರೆ ಮುಂದೆ ಬರುವವನ ಕೈಯಲ್ಲಿರುವುದು ಹಳೆಯ ಸ್ಥಾನದ ಅಂಕಗಳು.

5. ಮರ್ಯಾದೆಗಳು ಮತ್ತು ಅವುಗಳ ಕಾರಣ

ಈ ಆಟದ ನಡಾವಳಿಯಲ್ಲಿ ಅನೇಕ ವಿಧಿಗಳಿವೆ. ಗ್ರಾಮಾಂತರಕ್ಕೆ ಸಂಬಂಧಪಟ್ಟ ಮುಖ್ಯವಾದವುಗಳನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇವೆ.

ಮೊದಲನೆಯದು ನೆಲದ ಒಡೆಯನ ಅನುಮತಿ. ಡಬ್ಬಿಯನ್ನು ಇಡುವವನು ಖಾಸಗಿ ನೆಲವಾದರೆ ಒಡೆಯನಿಂದಲೂ ಸಾರ್ವಜನಿಕ ನೆಲವಾದರೆ ಅದರ ಆಡಳಿತದವರಿಂದಲೂ ಒಪ್ಪಿಗೆ ಪಡೆಯಬೇಕು. ಬೀಳುನೆಲವೆಂದು ನೋಡುವವನಿಗೆ ತೋರಿದ್ದು ಮತ್ತೊಬ್ಬನ ಮೇವಿನ ನೆಲವಾಗಿರಬಹುದು.

ಎರಡನೆಯದು ಬೇಲಿ ಬಾಗಿಲುಗಳ ವಿಷಯ. ಇಂಗ್ಲೆಂಡಿನಲ್ಲಿ 1951ರಷ್ಟು ಹಿಂದೆಯೇ ಹಳ್ಳಿಗಾಡಿನಲ್ಲಿ ಸಂಚರಿಸುವವರಿಗಾಗಿ ನಡಾವಳಿಯೊಂದು ಪ್ರಕಟವಾಗಿದ್ದಿತು. 2004ರಲ್ಲಿ ಅದು ಹೊಸ ರೂಪ ತಾಳಿತು. 2021ರಲ್ಲಿ ಮತ್ತೆ ಪರಿಷ್ಕೃತವಾಯಿತು. ಬೇಲಿಯ ಬಾಗಿಲನ್ನು ಕಂಡಂತೆಯೇ ಬಿಡಬೇಕೆಂಬುದು ಅದರ ಪ್ರಸಿದ್ಧ ವಿಧಿ. ಮುಚ್ಚಿದ್ದರೆ ಮುಚ್ಚಬೇಕು, ದನಕುರಿಗಳು ನೀರಿಗೆ ಹೋಗಲೆಂದು ರೈತನು ತೆರೆದಿಟ್ಟಿದ್ದರೆ ಮುಚ್ಚಲೂ ಬಾರದು. ನಮ್ಮ ಮಲೆನಾಡಿನಲ್ಲಿ ಉಣಗೋಲನ್ನು ಸರಿಸಿ ಒಳಹೋದವನು ಮತ್ತೆ ಅದನ್ನು ಸೇರಿಸದೆ ಬಂದರೆ ಸಂಜೆಯೊಳಗಾಗಿ ಗದ್ದೆಯಲ್ಲಿ ದನಗಳಿರುತ್ತವೆ. ಬೈಗುಳದ ಪಾಲು ಮಾತ್ರ ಮುಂದೆ ಬರುವವನದು. ಅಲ್ಲಿಯ ಗಾರೆಯಿಲ್ಲದೆ ಕಲ್ಲು ಪೇರಿಸಿದ ಗೋಡೆಗಳ ವಿಷಯವೂ ಹೀಗೆಯೇ. ಡಬ್ಬಿಗಾಗಿ ಒಂದು ಕಲ್ಲನ್ನು ಎಳೆದರೆ ಹತ್ತು ಕಲ್ಲುಗಳು ಸಡಿಲವಾಗುತ್ತವೆ.

ಮೂರನೆಯದು, ಡಬ್ಬಿಯನ್ನು ಹೂಳಬಾರದು. ಬಚ್ಚಿಡಬೇಕು, ಆದರೆ ನೆಲವನ್ನು ಅಗೆಯಕೂಡದು. ಇಡುವವನು ಒಂದು ಕಡೆ ಅಗೆದರೆ, ಸರಿಯಾದ ಸ್ಥಾನ ತಿಳಿಯದೆ ಹುಡುಕುವವನು ಹತ್ತು ಕಡೆ ಅಗೆಯುತ್ತಾನೆ. ನಾಲ್ಕನೆಯದು, ತಿನಿಸುಗಳನ್ನು ಇಡಬಾರದು. ವಾಸನೆ ಹಿಡಿದು ಬರುವ ಪ್ರಾಣಿಗಳು ಡಬ್ಬಿಯನ್ನು ಕಚ್ಚಿ ಒಡೆದುಹಾಕುತ್ತವೆ. ಐದನೆಯದು, ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್, ಎಂದರೆ ಮೈಲಿಯ ಹತ್ತನೆಯ ಒಂದು ಭಾಗದ ಅಂತರವಿರಬೇಕು. ಒಂದೇ ಗುಡ್ಡವನ್ನು ಡಬ್ಬಿಗಳಿಂದ ತುಂಬಿ ಜನರ ಕಾಲ್ತುಳಿತಕ್ಕೆ ಗುರಿಮಾಡದಿರಲು ಇದು ಸಹಾಯಕ.

ಆರನೆಯದು ಋತುಧರ್ಮ. ಇಂಗ್ಲೆಂಡಿನ ತೆರೆದ ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಗಳನ್ನು ಚಿಕ್ಕ ಹಗ್ಗದಲ್ಲಿ ಹಿಡಿದಿರಬೇಕೆಂಬ ನಿಯಮವಿದೆ. ಆ ಕಾಲದಲ್ಲಿ ಹಕ್ಕಿಗಳು ನೆಲದ ಮೇಲೆಯೇ ಗೂಡುಕಟ್ಟಿ ಮೊಟ್ಟೆಯಿಡುತ್ತವೆ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಹರಡಿ ಅರುವತ್ತು ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಬೇಕಾಗಿ ಬಂದಾಗ ಹಳ್ಳಿಗಾಡಿನ ಕಾಲುದಾರಿಗಳನ್ನೇ ಮುಚ್ಚಲಾಯಿತು. ನಡೆಯುವವನ ಕಾಲಿನ ಕೆಸರು ಸಹ ಮತ್ತೊಬ್ಬನ ಜೀವನೋಪಾಯವನ್ನು ಹಾಳುಮಾಡೀತೆಂಬ ಅರಿವು ಆಗ ಎಲ್ಲರಿಗೂ ಆಯಿತು.

ಏಳನೆಯ ಮರ್ಯಾದೆಯನ್ನು ಕುರಿತು ಸ್ವಲ್ಪ ವಿವರಿಸಬೇಕು. ಆಟವನ್ನರಿಯದವರನ್ನು ಆಟಗಾರರು, ಹ್ಯಾರಿ ಪಾಟರ್ ಕಥೆಗಳಿಂದ ಎರವಲು ಪಡೆದು, 'ಮಗಲ್' ಎಂದು ಕರೆಯುತ್ತಾರೆ. ಅವರ ಕಣ್ಣಿಗೆ ಬೀಳದಂತೆ ಡಬ್ಬಿಯನ್ನು ತೆಗೆಯುವುದು ಜಾಣತನವೆನಿಸಿಕೊಳ್ಳುತ್ತದೆ. ಈ ಗೋಪ್ಯಕ್ಕೆ ಒಂದು ಬೆಲೆಯೂ ಇದೆ. 2011ರ ಜುಲೈ ತಿಂಗಳಲ್ಲಿ ಯಾರ್ಕ್‌ಷೈರಿನ ವೆದರ್ಬಿ ಎಂಬ ಸಣ್ಣ ಊರಿನಲ್ಲಿ ಉಪಾಹಾರಗೃಹವೊಂದರ ಹೊರಗೆ ಒಬ್ಬಾತ ಡಬ್ಬಿಯೊಂದನ್ನು ಮರೆಯಲ್ಲಿರಿಸುತ್ತಿದ್ದುದನ್ನು ಕಂಡವರು ಪೊಲೀಸರಿಗೆ ತಿಳಿಸಿದರು. ಸೇನೆಯ ತಜ್ಞರು ಬಂದು ಅದನ್ನು ಸ್ಫೋಟಿಸಿ ನಾಶಮಾಡಿದರು. ಅದು ಈ ಆಟದ ಡಬ್ಬಿಯಷ್ಟೆ. ಡಬ್ಬಿಯ ಮೇಲೆ ಅದು ಏನೆಂಬುದನ್ನು ಸ್ಪಷ್ಟವಾಗಿ ಬರೆದಿರಬೇಕೆಂಬ ವಿಧಿಯ ಮಹತ್ತ್ವ ಇಂತಹ ಪ್ರಸಂಗಗಳಿಂದ ವ್ಯಕ್ತವಾಗುತ್ತದೆ. ಮರೆಯಾಗಿ ನಡೆದುಕೊಳ್ಳುವವನು ಎಷ್ಟೇ ನಿರಪರಾಧಿಯಾಗಿದ್ದರೂ, ನೋಡುವವನಿಗೆ ಅಪರಾಧಿಯಂತೆಯೇ ಕಾಣುತ್ತಾನೆ. ಹಳ್ಳಿಯಲ್ಲಿ ಯಾರಾದರೂ ಕೇಳಿದರೆ ಮಾಡುತ್ತಿರುವುದನ್ನು ಇದ್ದಂತೆ ಹೇಳಿಬಿಡುವುದೇ ಕ್ಷೇಮ.

ಕೊನೆಯದಾಗಿ, ಇಟ್ಟವನ ಹೊಣೆ. ಡಬ್ಬಿಯನ್ನು ಆಗಾಗ ಹೋಗಿ ನೋಡಿಕೊಳ್ಳಬೇಕು, ನೋಡಿಕೊಳ್ಳಲಾಗದಿದ್ದರೆ ತೆಗೆದುಬಿಡಬೇಕು. ಒಡೆಯನು ಮರೆತ ಡಬ್ಬಿ ಕಸವಲ್ಲದೆ ಬೇರೆಯಲ್ಲ. ಶೋಧಕರು ಹಿಂದಿರುಗುವಾಗ ದಾರಿಯ ಕಸವನ್ನು ಆಯ್ದು ತರುವ ಒಂದು ಸಾಮೂಹಿಕ ಕಾರ್ಯಕ್ರಮವೂ 2002ರಿಂದ ನಡೆದುಬಂದಿದೆ.

6. ನಡೆಯುವ ಹಕ್ಕು

ಈ ಮರ್ಯಾದೆಗಳನ್ನು ಬರಿಯ ಸಭ್ಯತೆಯ ಮಾತೆಂದು ಎಣಿಸಬಾರದು. ಡಾರ್ಟ್‌ಮೂರಿನ ಗೋಮಾಳಗಳಲ್ಲಿ ಕಾಲ್ನಡಿಗೆಯಿಂದಲೂ ಕುದುರೆಯ ಮೇಲೂ ಸಂಚರಿಸುವ ಹಕ್ಕು ಸಾರ್ವಜನಿಕರಿಗೆ 1985ರ ಒಂದು ಶಾಸನದಿಂದ ದೊರೆತಿದೆ. ಆ ನೆಲಕ್ಕೆ ಖಾಸಗಿ ಒಡೆಯರಿದ್ದಾರೆ. ಅದರಲ್ಲಿ ದನಕುರಿ ಮೇಯಿಸುವ ಹಕ್ಕುಳ್ಳ ರೈತರಿದ್ದಾರೆ. ಉತ್ತರ ಭಾಗದಲ್ಲಿ ಸೇನೆಯ ಗುಂಡಿನ ಅಭ್ಯಾಸದ ವಲಯಗಳಿವೆ, ಕ್ರಾನ್ಮಿಯರ್ ಪೂಲ್ ಅಂತಹ ಒಂದು ವಲಯದೊಳಗೇ ಇದೆ. ಕೆಂಪು ಬಾವುಟ ಹಾರುತ್ತಿರುವ ದಿನ ಅಲ್ಲಿಗೆ ಹೋಗುವಂತಿಲ್ಲ. ಹೀಗೆ ಒಂದೇ ನೆಲದ ಮೇಲೆ ನಾಲ್ಕಾರು ಬಗೆಯ ಹಕ್ಕುಗಳು ಹೆಣೆದುಕೊಂಡಿರುವಾಗ, ನಡೆಯುವವನ ಹಕ್ಕು ಎಲ್ಲಕ್ಕಿಂತ ಎಳೆಯದು.

1985ರ ಶಾಸನದಲ್ಲಿ ಬಯಲಿನಲ್ಲಿ ಬಿಡಾರ ಹೂಡಿ ರಾತ್ರಿ ಕಳೆಯುವ ಹಕ್ಕೂ ಸೇರಿದೆಯೆ ಎಂಬ ಪ್ರಶ್ನೆ ಈಚೆಗೆ ನ್ಯಾಯಾಲಯಕ್ಕೆ ಹೋಯಿತು. 2023ರ ಜನವರಿಯಲ್ಲಿ ಸೇರಿಲ್ಲವೆಂದು ತೀರ್ಪಾಯಿತು. ಅದೇ ವರ್ಷ ಜುಲೈನಲ್ಲಿ ಮೇಲ್ಮನವಿಯ ನ್ಯಾಯಾಲಯವು ಸೇರಿದೆಯೆಂದಿತು. 2025ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು. ಈ ವ್ಯಾಜ್ಯದಲ್ಲಿ ಹಕ್ಕನ್ನು ವಿರೋಧಿಸಿದವರ ವಾದಗಳಲ್ಲಿ ಬೆಂಕಿ, ಕಸ, ಜಾನುವಾರುಗಳಿಗೆ ತೊಂದರೆ ಎಂಬಂಥವು ಕೇಳಿಬಂದುವೆಂಬುದು ಗಮನಾರ್ಹ. ತೆರೆದಿಟ್ಟ ಒಂದು ಬಾಗಿಲು, ಕದಲಿಸಿದ ಒಂದು ಗೋಡೆ ಕೊನೆಗೆ ಎಲ್ಲರ ಹಕ್ಕಿನ ವಿರುದ್ಧ ಸಾಕ್ಷಿಯಾಗಿ ನಿಲ್ಲುತ್ತವೆ. ಅನುಮತಿ ಕಾನೂನಿನಿಂದ ಬರಬಹುದು. ಅದು ಉಳಿಯುವುದು ನಡವಳಿಕೆಯಿಂದ.

7. ನಮ್ಮ ನಾಡಿನ ಶೋಧಕರಿಗೆ

ಈಗ ನಮ್ಮ ಕಡೆಗೆ ತಿರುಗಬಹುದು. ಬಿ. ಎಲ್. ರೈಸರು 1886ರಿಂದ ಪ್ರಕಟಿಸತೊಡಗಿದ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳಲ್ಲಿ ಶಾಸನದ ತಾಣವನ್ನು ಊರಿನ ಹೆಸರು, ಗುಡಿಯ ಮುಂದೆ, ಇಂಥವರ ಹೊಲದಲ್ಲಿ ಎಂಬ ಮಾತುಗಳಿಂದ ಸೂಚಿಸಲಾಗಿದೆ. ಹೊಲದ ಒಡೆಯರು ಬದಲಾದರು, ಗುಡಿ ಬಿದ್ದುಹೋಯಿತು, ಊರು ಪಟ್ಟಣವಾಯಿತು. ಅನೇಕ ಕಲ್ಲುಗಳು ಪುಸ್ತಕದಲ್ಲಿ ಮಾತ್ರ ಉಳಿದವು. ಆದ್ದರಿಂದ ಉಳಿದಿರುವ ಕಲ್ಲುಗಳ ಸ್ಥಾನವನ್ನು ಅಕ್ಷಾಂಶ ರೇಖಾಂಶಗಳಿಂದ ಗುರುತಿಸುವ ಕೆಲಸ ಅತ್ಯಂತ ಅವಶ್ಯಕ. ಬೆಂಗಳೂರಿನ ಸುತ್ತಮುತ್ತ ಹವ್ಯಾಸಿಗಳೇ ಈ ಕಾರ್ಯದಲ್ಲಿ ತೊಡಗಿರುವುದು ಸಂತೋಷದ ವಿಷಯ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ. ಶ. 750ರದು. ಆಸಕ್ತರ ನೆರವಿನಿಂದ ಅದಕ್ಕೊಂದು ಮಂಟಪವೂ ಆಗಿದೆ.

ಆದರೆ ತಾಣವನ್ನು ಪ್ರಕಟಿಸುವುದರಲ್ಲಿ ಅಪಾಯವೂ ಉಂಟು. ಹಳೆಯ ಕಲ್ಲಿದ್ದಲ್ಲಿ ನಿಧಿಯಿದೆಯೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಹು ಆಳವಾಗಿ ಬೇರೂರಿದೆ. ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಷ್ಟು ಹಿಂದೆಯೇ ಬಂದಿದ್ದರೂ ನಿಧಿಗಳ್ಳರ ಕಾಟ ನಿಂತಿಲ್ಲ. 2019ರ ಜುಲೈ ತಿಂಗಳಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ಇಂಥವರೇ ಕೆಡವಿಹಾಕಿದರು. ವಿಜಯನಗರದ ಅರಸರ ಗೌರವಕ್ಕೆ ಪಾತ್ರರಾಗಿ 1539ರಲ್ಲಿ ಕಾಲವಾದ ಯತಿಗಳ ಸಮಾಧಿಗೇ ಈ ಗತಿಯಾದರೆ, ಹೊಲದ ಬದುವಿನಲ್ಲಿ ಒಂಟಿಯಾಗಿ ನಿಂತ ವೀರಗಲ್ಲಿಗೆ ರಕ್ಷಣೆಯೆಲ್ಲಿ? ಉಪಕರಣವನ್ನು ಹಿಡಿದು ಕಲ್ಲಿನ ಸುತ್ತ ಸುಳಿಯುವ ಪರಸ್ಥಳದವನನ್ನು ಊರವರು ಸಂಶಯದಿಂದ ನೋಡುವುದು ಈ ಕಾರಣದಿಂದ ನ್ಯಾಯವೇ ಆಗಿದೆ.

ಒಮ್ಮೆ ವಿದ್ಯಾರ್ಥಿಗಳೊಡನೆ ವೀರಗಲ್ಲೊಂದನ್ನು ಅರಸಿ ಹೋಗಿದ್ದಾಗ, ಊರ ಬಾಗಿಲಿನ ಅರಳಿಕಟ್ಟೆಯಲ್ಲಿ ಕುಳಿತಿದ್ದವರಿಗೆ ನಮ್ಮ ಉದ್ದೇಶವನ್ನು ತಿಳಿಸಿಯೇ ಮುಂದುವರಿದೆವು. ಆದರೂ ಹೊಲದ ಬಳಿ ವೃದ್ಧರೊಬ್ಬರು, "ಏನ್ ಸ್ವಾಮಿ, ನಿಧಿ ಗಿಧಿ ನೋಡಕ್ ಬಂದ್ರಾ?" ಎಂದು ನೇರವಾಗಿಯೇ ಕೇಳಿದರು. "ಇಲ್ಲ ಯಜಮಾನರೇ, ಕಲ್ಲಿನ ಮೇಲಿರುವ ಬರೆಹವನ್ನು ಓದಲು ಬಂದಿದ್ದೇವೆ, ಮುಟ್ಟಿ ಅಲುಗಿಸುವುದಿಲ್ಲ, ನೀವೂ ಬನ್ನಿ" ಎಂದೆವು. ಅವರು ಬಂದು ಪಕ್ಕದಲ್ಲಿ ಕುಳಿತರು. ತುರು ಕಾಯಲು ಹೋರಾಡಿ ಮಡಿದವನೊಬ್ಬನ ಸ್ಮಾರಕ ಅದೆಂದು ಓದಿ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ಅನಂತರ ತಾವಾಗಿಯೇ ಎದ್ದು, ಕಳ್ಳಿಬೇಲಿಯ ಮರೆಯಲ್ಲಿದ್ದ ಇನ್ನೊಂದು ಕಲ್ಲನ್ನು ತೋರಿಸಿದರು. ಅದು ಅಚ್ಚಾದ ಸಂಪುಟದಲ್ಲಿ ಇರಲಿಲ್ಲ. ಉಪಗ್ರಹಗಳು ಎಷ್ಟಿದ್ದರೂ ಆ ಕಲ್ಲನ್ನು ನಮಗೆ ತೋರಿಸುತ್ತಿರಲಿಲ್ಲ.

ಜಿಯೋಕ್ಯಾಷಿಂಗಿನ ಚರಿತ್ರೆಯಿಂದ ಕಲಿಯಬಹುದಾದುದನ್ನು ನಾವು ಹೀಗೆ ಸಂಗ್ರಹಿಸಬಹುದು. ತಾಣವನ್ನು ಪ್ರಕಟಿಸುವವನು ಅಲ್ಲಿಗೆ ಹೋಗುವ ರೀತಿಯನ್ನೂ ಅದರೊಡನೆಯೇ ಪ್ರಕಟಿಸಬೇಕು. 15 ಪೆಟ್ಟಿಗೆಗಳ ನಕ್ಷೆ ಮೊದಲು ಬಂದು, ಹಾನಿ ಅನಂತರ ಬಂದು, ನಡಾವಳಿ ಕೊನೆಯಲ್ಲಿ ಬಂದ ಡಾರ್ಟ್‌ಮೂರಿನ ಕ್ರಮವನ್ನು ನಾವು ಅನುಸರಿಸಬೇಕಾಗಿಲ್ಲ. ಡಬ್ಬಿಯೇ ಇಲ್ಲದೆ, ಭೂರಚನೆಯ ವಿಶೇಷವೊಂದನ್ನು ಹೋಗಿ ನೋಡಿ ಪ್ರಶ್ನೆಗಳಿಗೆ ಉತ್ತರ ಬರೆಯುವ ಒಂದು ಪ್ರಕಾರವೂ ಈ ಆಟದಲ್ಲಿ 2004ರಿಂದ ಇದೆ. ಶಾಸನ ವೀಕ್ಷಣೆಗೆ ಇದೇ ಯೋಗ್ಯವಾದ ಮಾದರಿ. ಅಲ್ಲಿ ಇಡುವುದೂ ಇಲ್ಲ, ತೆಗೆಯುವುದೂ ಇಲ್ಲ, ಓದಿ ಬರುವುದಷ್ಟೆ.

ಕಾಲೇಜುಗಳಿಂದ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಮುಂಚಿತವಾಗಿ ಹೇಳಬೇಕಾದ ಮಾತುಗಳು ಹೆಚ್ಚಿಲ್ಲ. ಊರಿಗೆ ಹೋದೊಡನೆ ಊರವರಿಗೆ ತಿಳಿಸಬೇಕು, ಹೊಲದೊಡೆಯರನ್ನು ಕೇಳಬೇಕು. ಬೆಳೆಯಿದ್ದರೆ ಬದುವಿನ ಮೇಲೆ ನಡೆಯಬೇಕು. ಕುಯಿಲಾಗುವವರೆಗೆ ಕಾಯುವುದು ಇನ್ನೂ ಒಳ್ಳೆಯದು. ಕಲ್ಲಿನ ಸುತ್ತ ಅಗೆಯಕೂಡದು. ಅಕ್ಷರ ಕಾಣಲೆಂದು ಸುಣ್ಣ ಬಳಿಯುವುದನ್ನೂ ಕಬ್ಬಿಣದಿಂದ ಕೆರೆಯುವುದನ್ನೂ ಮಾಡಕೂಡದು. ಊರವರು ಕಲ್ಲಿಗೆ ಪೂಜೆ ಮಾಡುತ್ತಿದ್ದರೆ ಚಪ್ಪಲಿಯನ್ನು ದೂರ ಬಿಟ್ಟು ಹೋಗಬೇಕು. ಓದಿದ ಪಾಠದ ಒಂದು ಪ್ರತಿಯನ್ನು, ತಿಳಿಯಾದ ಕನ್ನಡದ ಸಾರಾಂಶದೊಡನೆ, ಊರಿನ ಶಾಲೆಗೆ ಕೊಡಬೇಕು. ಕಲ್ಲಿನ ಮೇಲಿರುವುದು ತಮ್ಮೂರಿನವನೊಬ್ಬನ ಹೆಸರೆಂದು ತಿಳಿದ ಊರು ಆ ಕಲ್ಲನ್ನು ಅಗೆಯಲು ಬಂದವರನ್ನು ತಾನೇ ತಡೆಯುತ್ತದೆ.